ಏಳು ಮಿಲಿಮೀಟರ್

ಅಮ್ಮಾನಿನ ಬಯಾದರ್, ಗ್ಯಾರೇಜುಗಳ ಸಾಲು, ಕೊನೆಯ ಶಟರು ನನ್ನದು.
ಬೂದುಬಣ್ಣದ ಕಾರು ಬಂದು ನಿಂತಿತು,
ಹೊಗೆಯಿಲ್ಲ, ಗುಡುಗಿಲ್ಲ,
ಟೈರಿನ ಗುಂಯ್ ಮಾತ್ರ, ಡಬ್ಬಿಯೊಳಗೆ ಸಿಕ್ಕ ದುಂಬಿಯ ಹಾಗೆ.
ಇಂಜಿನ್ನಿದ್ದ ಕಾಲದಲ್ಲಿ ಇಂಥವು ಕೇಳಿಸುತ್ತಲೇ ಇರಲಿಲ್ಲ.

ಇಳಿದವಳು ರುದೈನಾ. ಸಲ್ತ್‌ನಿಂದ ದಿನಾ ಬರುತ್ತಾಳೆ,
ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ
ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ.
"ಎಡಕ್ಕೆ ಎಳೆಯುತ್ತೆ," ಅಂದಳು,
"ರಸ್ತೆ ಬಲಕ್ಕೆ ವಾಲಿದ್ದರೂ ಇದು ಎಡಕ್ಕೇ. ಲಾರಿ ಬರುವ ಕಡೆಗೇ."
ಮೂರು ಕಡೆ ಅಲೈನ್‌ಮೆಂಟ್ ಮಾಡಿಸಿದ ಚೀಟಿಗಳನ್ನು
ಬಾನೆಟ್ಟಿನ ಮೇಲೆ ಹರಡಿದಳು.
ಹಸಿರು ಅಂಕಿ, ಹಸಿರು ಅಂಕಿ, ಮೂಲೆಯಲ್ಲಿ ಎರಡು ಕೆಂಪು.
"ಅದಕ್ಕೆ ತಿರುಪೇ ಇಲ್ಲ, ಕಂಪನಿಯವರು ಕೊಟ್ಟಿಲ್ಲ,"
ಎಂದರಂತೆ ಮೂವರೂ, ದುಡ್ಡೆಣಿಸಿಕೊಳ್ಳುತ್ತ.
ಟೈರು ಬದಲಿಸಿದಳು. ಬಲಭುಜ ನೋವೆಂದು ಡಾಕ್ಟರಿಗೆ ತೋರಿಸಿದಳು.
ವಯಸ್ಸು, ಅಂದ ಡಾಕ್ಟರು.
ಎಮ್ಮೆಗೆ ಜ್ವರ, ಎತ್ತಿಗೆ ಬರೆ.

ಗಾಳಿ ನೋಡಿದೆ. ಮುಂದಿನ ಚಕ್ರ ಅದಲುಬದಲು ಮಾಡಿ ಓಡಿಸಿದೆ. ಎಡಕ್ಕೇ.
ಬ್ರೇಕು ಹಿಡಿದಿದೆಯೇನೋ ಎಂದು ಬೆರಳು ತಾಗಿಸಿದೆ. ತಣ್ಣಗಿತ್ತು.
ಮಂಡಿಯೂರಿ ರಬ್ಬರಿನ ಮೇಲೆ ಅಂಗೈ ಸವರಿದೆ:
ಎಡದ್ದು ಹೊರಅಂಚಿನಲ್ಲಿ ಸವೆದಿದೆ, ಬಲದ್ದು ಒಳಅಂಚಿನಲ್ಲಿ.
ಎರಡೂ ಒಂದೇ ಕಡೆಗೆ ತಲೆ ವಾಲಿಸಿ ನಿಂತಿವೆ,
ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟವರ ಹಾಗೆ.

ಹಾಗಾದರೆ ತಪ್ಪು ಚಕ್ರದ್ದಲ್ಲ,
ಚಕ್ರಗಳನ್ನು ಹೊತ್ತ ಚೌಕಟ್ಟಿನದು.
"ಎಲ್ಲಿ ಕೊಂಡಿರಿ?"
"ಝರ್ಕಾದ ಫ್ರೀ ಝೋನಿನಲ್ಲಿ. ಒಂದು ಗೀರೂ ಇಲ್ಲ ಅಂದರು."

ಲಿಫ್ಟಿಗೇರಿಸಿದೆ. ಬ್ಯಾಟರಿಯ ಆ ಚಪ್ಪಟೆ ಹೊಟ್ಟೆ
ನೆತ್ತಿಯ ಮೇಲೆ ಬಂದು ನಿಂತಾಗ
ಇವತ್ತಿಗೂ ನನ್ನ ಉಸಿರು ಸಣ್ಣಗಾಗುತ್ತದೆ.
ಟಾರ್ಚು ಹಿಡಿದಿದ್ದ ಹುಡುಗ ಮುನೀಫ್ ಮೊದಲು ಕಂಡ:
ಬೋಲ್ಟಿನ ಪಕ್ಕ ಒಂದು ಅರ್ಧಚಂದ್ರ.
ಸುತ್ತಲೂ ತುಕ್ಕು, ಅದೊಂದೇ ಹೊಳೆಯುವ ಕಬ್ಬಿಣ.
ಫ್ಯಾಕ್ಟರಿಯಲ್ಲಿ ವಾಷರು ಕೂತಿದ್ದ ಜಾಗ.
ಅಳತೆಪಟ್ಟಿ ಇಟ್ಟೆ. ಏಳು ಮಿಲಿಮೀಟರ್.

ಮೇಲಿನ ಸಂದಿಯಿಂದ ಗಾಜಿನ ಹರಳು ಉದುರಿತು, ಕಲ್ಲುಸಕ್ಕರೆಯಷ್ಟು.
ಒಂದು ಹಿಡಿ ಒಣ ಪೈನ್ ಸೂಜಿ.
ಯಾವ ದೇಶದ ಮರವೋ. ಯಾರು ಯಾರಿಗೆ ಬಡಿದರೋ.
ಉಳಿದರೋ ಎಂದು ಕೇಳಲು ವಿಳಾಸವಿಲ್ಲ.
ಬಾಗಿಲು ಬದಲಿಸಿದರು, ಬಣ್ಣ ಬಳಿದರು, ಹಡಗಿಗೆ ಹಾಕಿದರು;
ಪೆಟ್ಟು ಮಾತ್ರ ಏಳು ಮಿಲಿಮೀಟರಿನಲ್ಲಿ ಮಡಚಿ ಕೂತು
ಸಮುದ್ರ ದಾಟಿ ಬಂತು.

ಬೋಲ್ಟು ಸಡಿಲಿಸಿದೆವು, ಪೂರಾ ಕಳಚಲಿಲ್ಲ.
ಮುನೀಫ್ ಹಾರೆ ಕೊಟ್ಟು ಮೈಭಾರ ಬಿಟ್ಟ.
ಇನ್ನೂ. ಇನ್ನೂ ಸ್ವಲ್ಪ. ಸಾಕು, ಸಾಕು
ಟಕ್.
ಚಂದ್ರ ವಾಷರಿನಡಿ ಮುಳುಗಿತು.

ಯಂತ್ರ ನನ್ನಲ್ಲೂ ಇದೆ, ಕಂತು ತೀರಿಲ್ಲ. ಅದರ ಮೇಲೆ ಹತ್ತಿಸಿದೆ.
ಮೂಲೆಯ ಕೆಂಪು ಎರಡೂ ಆರಿದವು.
ಟೈರಾಡು ತಿರುಗಿಸಿ ಟೋ ಕೂರಿಸಿದೆ,
ಸ್ಟಿಯರಿಂಗ್ ಸೆನ್ಸರಿಗೆ ಹೊಸದಾಗಿ ಹೇಳಿಕೊಟ್ಟೆ: ಇದು ನೇರ.
ಅಲ್ಲಿಯತನಕ ಸೊಟ್ಟವನ್ನೇ ಅದು ನೇರವೆಂದು ನಂಬಿತ್ತು.

ರುದೈನಾಳೇ ಓಡಿಸಿದಳು, ನಾನು ಪಕ್ಕದಲ್ಲಿ.
ನೂರು ಗಜ ಹೋಗಿಲ್ಲ, ಮುಖ ಬಾಡಿತು.
"ಈಗ ಬಲಕ್ಕೆ ಎಳೀತಿದೆ."
"ಕೈ ಬಿಡಿ," ಅಂದೆ.
ಬಿಟ್ಟಳು. ಮಡಿಲ ಮೇಲಿಟ್ಟುಕೊಂಡಳು ಎರಡೂ ಕೈ.
ಕಾರು ಬಿಳಿಗೆರೆಯ ಪಕ್ಕ, ಗೆರೆ ಎಳೆದಷ್ಟೇ ನೆಟ್ಟಗೆ ಹೋಯಿತು.
ಅವಳು ರಸ್ತೆ ನೋಡಲಿಲ್ಲ, ಕೈ ನೋಡಿಕೊಂಡಳು.
ಹದಿನಾಲ್ಕು ತಿಂಗಳು ಅದು ಲಾರಿಗಳಿಂದ ಆಚೆಗೆ ಎಳೆದ ಕೈ.
ಅದಕ್ಕೆ ನನ್ನಲ್ಲಿ ಹಾರೆಯಿಲ್ಲ.

ಪೈನ್ ಸೂಜಿಗಳನ್ನು ಮುನೀಫ್ ಗುಡಿಸದೆ
ಗೋಡೆಯಂಚಿಗೆ ಸರಿಸಿಟ್ಟಿದ್ದ. ನಾನೂ ಗುಡಿಸು ಅನ್ನಲಿಲ್ಲ.
ಶಟರಿನಲ್ಲಿ ನಿಂತು ತಿರುವಿನ ತನಕ ನೋಡಿದೆವು:
ಕಾರು ತುಸು ಬಲಕ್ಕೆ,
ಮತ್ತೆ ನಡುವಿಗೆ,
ಮತ್ತೆ, ಒಂದಿಷ್ಟೇ, ಬಲಕ್ಕೆ.